ತಳುಕು ಬರುವುದು ಅಡಿಯಿಂದ

ಆಗಸ್ಟ್ ತಿಂಗಳ ಮೂರನೇ ವಾರ. ಶಾಲೆಯ ಪಡಸಾಲೆಯಲ್ಲಿ ಡೆಸ್ಕುಗಳನ್ನು ಸಾಲಾಗಿ ಜೋಡಿಸಿ ಮೇಲೆ ಹಳೆಯ ಬೆಡ್‌ಶೀಟು ಹಾಸಿದ್ದಾರೆ. ಅದರ ಮೇಲೆ ಮಕ್ಕಳು ಮಾಡಿ ತಂದ ವಿಕ್ರಮ್ ಲ್ಯಾಂಡರುಗಳು ನಿಂತಿವೆ. ಒಂದು ಥರ್ಮಾಕೋಲಿನದು, ಒಂದು ರಟ್ಟಿನದು, ಇನ್ನೊಂದಕ್ಕೆ ಐಸ್‌ಕ್ರೀಂ ಕಡ್ಡಿಯ ಕಾಲು. ಎಲ್ಲರಿಗೂ ಬೇಕಿದ್ದದ್ದು ಒಂದೇ: 2023ರ ಆಗಸ್ಟ್ 23ರ ಸಂಜೆ ಟೀವಿಯಲ್ಲಿ ಮನೆಮಂದಿಯೆಲ್ಲ ಕಣ್ಣು ಮಿಟುಕಿಸದೆ ನೋಡಿದ, ಚಂದ್ರನ ಮೇಲೆ ಇಳಿದ ಆ ನೌಕೆಯ ಹೊಂಬಣ್ಣ. ಒಬ್ಬಳು ಚಾಕೊಲೇಟಿನ ಕಾಗದ ಬಿಡಿಸಿ ಅಂಟಿಸಿದ್ದಾಳೆ, ಅದು ಫಳಫಳ ಅನ್ನುತ್ತಿದೆ. ಪಕ್ಕದ ಹುಡುಗ ಬೆಳ್ಳಿ ಬಣ್ಣಕ್ಕೆ ಹಳದಿ ಪೋಸ್ಟರ್ ಕಲರ್ ಕಲಸಿ ಬಳಿದಿದ್ದಾನೆ. ಒಣಗಿದ ಮೇಲೆ ಅದು ಸಾಸಿವೆಗೆ ಒಲೆ ಬೂದಿ ಬೆರೆಸಿದ ಹಾಗೆ ಕಾಣುತ್ತಿದೆ.

‘ಎರಡೂ ಹೊಸಾ ಡಬ್ಬೀನೇ ಸಾರ್, ಯಾಕ್ ಹಿಂಗಾತು?’ ಎಂದು ಅವನು ಕೇಳಿದ. ಪ್ರಶ್ನೆ ಚಿಕ್ಕದು. ಉತ್ತರ ಮಾತ್ರ ಚಳ್ಳಕೆರೆಯ ಕಾವಲಿನಿಂದ ಮೊಳಕಾಲ್ಮೂರಿನ ಮಗ್ಗದವರೆಗೆ, ಅಲ್ಲಿಂದ ಕೊಪ್ಪಳದ ಕಿನ್ನಾಳದವರೆಗೆ ಹರಡಿಕೊಂಡಿದೆ.

ಬಿಳಿ ಲೋಹ, ಹಳದಿ ಪರದೆ

ಲೋಹಗಳಲ್ಲಿ ಸ್ವಂತ ಬಣ್ಣ ಇರುವಂಥವು ತೀರಾ ಕಡಿಮೆ. ಚಿನ್ನ ಹಳದಿ, ತಾಮ್ರ ಕೆಂಪು. ಬೆಳ್ಳಿ, ತವರ, ಸತು, ಕಬ್ಬಿಣ, ಅಲ್ಯೂಮಿನಿಯಂ ಎಲ್ಲವೂ ಬಿಳಿ ಅಥವಾ ಬೂದು. ಬಿದ್ದ ಬೆಳಕಿನ ಎಲ್ಲ ಬಣ್ಣಗಳನ್ನೂ ಇವು ಹೆಚ್ಚುಕಡಿಮೆ ಸಮವಾಗಿ ಹಿಂದಕ್ಕೆ ಕಳಿಸುತ್ತವೆ. ಚಿನ್ನ ಮತ್ತು ತಾಮ್ರ ನೀಲಿಯ ಕಡೆಯ ಬೆಳಕನ್ನು ಹೀರಿಕೊಂಡು ಉಳಿದದ್ದನ್ನು ಕಳಿಸುತ್ತವೆ. ನಮ್ಮ ಕಣ್ಣಿಗೆ ಅದು ಬೆಚ್ಚನೆಯ ಬಣ್ಣವಾಗಿ ಕಾಣುತ್ತದೆ.

ಹಾಗಾದರೆ ಬಿಳಿ ಲೋಹಕ್ಕೆ ಚಿನ್ನದ ಬಣ್ಣ ಬರಿಸುವುದು ಹೇಗೆ? ಲೋಹದ ಮೇಲೆ ನೀಲಿಯನ್ನು ಹೀರುವ ಪಾರದರ್ಶಕ ಪರದೆಯೊಂದನ್ನು ಎಳೆದರೆ ಸಾಕು. ಬೆಳಕು ಪರದೆ ತೂರಿ ಒಳಗೆ ಹೋಗುತ್ತದೆ, ಲೋಹಕ್ಕೆ ಬಡಿದು ಅದೇ ಪರದೆ ತೂರಿ ಹೊರಗೆ ಬರುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ಎರಡು ಬಾರಿ ಸೋಸಿ ಬಂದ ಬೆಳಕಿಗೆ ಬಣ್ಣವೂ ಇರುತ್ತದೆ, ಕನ್ನಡಿಯ ಹೊಳಪೂ ಇರುತ್ತದೆ. ಬಣ್ಣ ಪರದೆಯದು, ಹೊಳಪು ಅಡಿಯ ಲೋಹದ್ದು. ಇವೆರಡನ್ನೂ ಬೇರೆ ಬೇರೆ ಪದರದಲ್ಲಿ ಇಡುವುದೇ ಇಡೀ ಕಸುಬಿನ ಗುಟ್ಟು.

ಚಾಕೊಲೇಟಿನ ಕಾಗದ ಗೆದ್ದದ್ದು ಇಲ್ಲೇ. ಅದು ತೆಳುವಾದ ಅಲ್ಯೂಮಿನಿಯಂ ಹಾಳೆ, ಮೇಲೆ ಹಳದಿ ಛಾಯೆಯ ಪಾರದರ್ಶಕ ಮೆರುಗೆಣ್ಣೆ. ಹುಡುಗ ಸೋತದ್ದೂ ಇಲ್ಲೇ. ಬೆಳ್ಳಿ ಬಣ್ಣದ ಡಬ್ಬಿಯಲ್ಲಿರುವುದು ಅಲ್ಯೂಮಿನಿಯಂನ ಚಪ್ಪಟೆ ಚೂರುಗಳು. ಬಳಿದು ಒಣಗಿದಾಗ ಅವು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಮಲಗಿದರೆ ಮಾತ್ರ ಹೊಳಪು. ಪೋಸ್ಟರ್ ಕಲರಿನ ಕಣಗಳು ಅಪಾರದರ್ಶಕ, ಬೆಳಕು ಅವುಗಳನ್ನು ತೂರಲಾರದು. ಎರಡನ್ನೂ ಕಲಸಿದಾಗ ಹಳದಿ ಕಣಗಳು ಹುರುಪೆಗಳ ನಡುವೆ ನುಗ್ಗಿ ಅವನ್ನು ಅಡ್ಡಾದಿಡ್ಡಿ ನಿಲ್ಲಿಸಿದವು, ಮೇಲೂ ಕವಿದವು. ಕನ್ನಡಿ ಮುಚ್ಚಿಹೋಗಿ ಬೂದಿ ಉಳಿಯಿತು.

ವಿಕ್ರಮನ ಮೈಮೇಲಿನ ಹೊನ್ನು

ಚಳ್ಳಕೆರೆ ಸೀಮೆಯ ಈ ಮಕ್ಕಳು ವಿಕ್ರಮ್ ಮಾಡುವುದರಲ್ಲಿ ಒಂದು ನಂಟಿದೆ. ಚಂದ್ರಯಾನ-2ರ ಸಿದ್ಧತೆಯ ಹೊತ್ತಿಗೆ, 2016ರಲ್ಲಿ, ಇಸ್ರೋ ತಂಡ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ನೆಲದಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿತು. ಲ್ಯಾಂಡರಿನ ಸಂವೇದಕಗಳನ್ನು ವಿಮಾನದಲ್ಲಿ ಹೊತ್ತು ಆ ಕುಳಿಗಳ ಮೇಲೆ ಹಾರಿಸಿ, ಇಳಿಯುವ ಜಾಗವನ್ನು ಅವು ಸರಿಯಾಗಿ ಗುರುತಿಸುತ್ತವೆಯೇ ಎಂದು ಪರೀಕ್ಷಿಸಿದರು. ಅದೇ ತಾಲ್ಲೂಕಿನ ಡಿಆರ್‌ಡಿಒ ಪರೀಕ್ಷಾ ನೆಲೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು, ಅದು ತಾನಾಗಿ ರನ್‌ವೇ ಹುಡುಕಿಕೊಂಡು ಇಳಿಯಿತು. ಅಮೃತಮಹಲ್ ದನಗಳು ಮೇಯುತ್ತಿದ್ದ ಹುಲ್ಲುಗಾವಲು ಇದು. ಅದನ್ನು ಕಳೆದುಕೊಂಡವರ ಸಂಕಟ ಬೇರೆಯೇ ಒಂದು ಲೇಖನ ಬೇಡುತ್ತದೆ. ಆದರೆ ಇಲ್ಲಿಯ ಮಕ್ಕಳಿಗೆ ನೌಕೆ ಎಂಬುದು ಪುಸ್ತಕದ ಚಿತ್ರ ಮಾತ್ರವಲ್ಲ ಎಂಬುದೂ ನಿಜ.

ಆ ನೌಕೆಗಳ ಮೈಗೆ ಹೊದಿಸಿರುವ ಹೊಳೆಯುವ ಹಾಳೆಯನ್ನು ಕಂಡವರೆಲ್ಲ ‘ಚಿನ್ನದ ತಗಡು’ ಎನ್ನುತ್ತಾರೆ. ಅದರಲ್ಲಿ ಚಿನ್ನವಿಲ್ಲ. ಪಾಲಿಇಮೈಡ್ ಎಂಬ ಜಾತಿಯ ಪ್ಲಾಸ್ಟಿಕ್ ಹಾಳೆ ಅದು, ವ್ಯಾಪಾರದ ಹೆಸರು ಕ್ಯಾಪ್ಟಾನ್. ಹಾಳೆಯ ಬಣ್ಣ ಹುಟ್ಟಿನಿಂದಲೇ ಜೇನಿನಂತೆ, ಆರಪಾರ ಕಾಣುವಂಥದ್ದು. ಅದರ ಬೆನ್ನಿಗೆ ಅಲ್ಯೂಮಿನಿಯಂನ ಅತಿ ತೆಳು ಲೇಪ. ಬೆಳಕು ಜೇನುಬಣ್ಣದ ಹಾಳೆಯನ್ನು ತೂರಿ, ಬೆನ್ನಿನ ಅಲ್ಯೂಮಿನಿಯಂಗೆ ಬಡಿದು ಮರಳಿ ಬರುತ್ತದೆ. ನಮಗೆ ಹೊನ್ನು ಕಾಣುತ್ತದೆ.

ಇದನ್ನು ಚೆಂದಕ್ಕೆಂದು ಹೊದಿಸುವುದಿಲ್ಲ. ಚಂದ್ರನ ಹಗಲಲ್ಲಿ ನೆಲದ ಬಿಸಿ ನೂರು ಡಿಗ್ರಿ ದಾಟುತ್ತದೆ, ರಾತ್ರಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಇಂಥ ಹಾಳೆಗಳನ್ನು ಹಲವು ಪದರ ಜೋಡಿಸಿ, ನಡುವೆ ಜಾಲರಿ ಇಟ್ಟು, ಕೌದಿಯಂತೆ ಹೊದಿಸಿದರೆ ಒಳಗಿನ ಯಂತ್ರಗಳು ಬದುಕಿಕೊಳ್ಳುತ್ತವೆ. ಕೌದಿಯಾದ್ದರಿಂದಲೇ ಅದಕ್ಕೆ ಆ ಸುಕ್ಕು. ಮಾದರಿ ಮಾಡುವವರು ಮರೆಯುವುದು ಈ ಸುಕ್ಕನ್ನೇ. ಪೆಟ್ಟಿಗೆಗೆ ನುಣ್ಣಗೆ ಚಿನ್ನದ ಬಣ್ಣ ಬಳಿದರೆ ಅದು ಸಿಹಿತಿಂಡಿಯ ಡಬ್ಬಿಯಾಗುತ್ತದೆ, ಲ್ಯಾಂಡರ್ ಆಗುವುದಿಲ್ಲ.

ತಳುಕಿನ ದಾರಿ, ಮೊಳಕಾಲ್ಮೂರಿನ ಜರಿ

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಮೊಳಕಾಲ್ಮೂರಿಗೆ ಹೊರಟರೆ ನಡುವೆ ತಳುಕು ಸಿಗುತ್ತದೆ. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರ ಊರು. ಊರಿನ ಹೆಸರಿಗೂ ಹೊಳಪಿಗೂ ಸಂಬಂಧ ಕಲ್ಪಿಸುವುದು ನನ್ನ ಉದ್ದೇಶವಲ್ಲ. ಆದರೂ ಮೊಳಕಾಲ್ಮೂರಿನ ಸೀರೆ ನೋಡಲು ಹೋಗುವಾಗೆಲ್ಲ ದಾರಿಬದಿಯ ಆ ಫಲಕ ನನಗೆ ಶಕುನದಂತೆ ಕಾಣುತ್ತದೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರ ಬುಟ್ಟಾ, ಅಂಚು, ಸೆರಗಿನ ಬಗ್ಗೆ ಬರೆದವರು ಬಹಳ. ನಾನು ನೋಡುವುದು ಜರಿಯ ಒಂದು ಎಳೆಯನ್ನು. ಉಗುರಿನಿಂದ ಮೆಲ್ಲಗೆ ಕೆರೆದು ಬಿಡಿಸಿದರೆ ಅದರ ಹೊಟ್ಟೆಯಲ್ಲಿ ಒಂದು ನೂಲು ಸಿಗುತ್ತದೆ. ಅಸಲಿ ಜರಿಯಾದರೆ ಅದು ರೇಷ್ಮೆಯ ನೂಲು, ಬಹುಮಟ್ಟಿಗೆ ಕೆಂಪು ಅಥವಾ ಕಿತ್ತಳೆ ಬಣ್ಣದ್ದು. ಅದರ ಸುತ್ತ ಚಪ್ಪಟೆ ಮಾಡಿದ ಬೆಳ್ಳಿಯ ತಂತಿ ಸುತ್ತಿ, ಮೇಲೆ ಚಿನ್ನದ ನೀರು ಹಿಡಿಸಿರುತ್ತಾರೆ. ಸುತ್ತಿನ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಲ್ಲೆಲ್ಲ ಒಳಗಿನ ಕೆಂಪು ಇಣುಕುತ್ತದೆ, ಅದರಿಂದ ಚಿನ್ನಕ್ಕೆ ಬಿಸುಪು ಬರುತ್ತದೆ. ಅದೇ ತಂತಿಯ ಅಡಿಯಲ್ಲಿ ಬಿಳಿ ನೂಲಿದ್ದರೆ ಚಿನ್ನ ಪೇಲವವಾಗಿ ಕಾಣುತ್ತದೆ. ಯಾರ ಕಣ್ಣಿಗೂ ನೇರವಾಗಿ ಬೀಳದ ನೂಲಿಗೆ ಬಣ್ಣ ಹಾಕಬೇಕೆಂದು ಹೊಳೆದದ್ದು ಯಾರಿಗೋ, ಆ ಕಣ್ಣಿಗೆ ನಾನು ಕೈ ಮುಗಿಯುತ್ತೇನೆ.

ಈಗ ಹೆಚ್ಚಾಗಿ ಓಡಾಡುವ ಅಗ್ಗದ ಜರಿಯಲ್ಲಿ ಬೆಳ್ಳಿಯೂ ಇಲ್ಲ, ಚಿನ್ನವೂ ಇಲ್ಲ. ಪಾಲಿಯೆಸ್ಟರ್ ಹಾಳೆಗೆ ನಿರ್ವಾತದಲ್ಲಿ ಅಲ್ಯೂಮಿನಿಯಂನ ಆವಿ ಹಿಡಿಸಿ, ಅದರ ಮೇಲೆ ಹಳದಿ ಮೆರುಗೆಣ್ಣೆ ಎಳೆದು, ದಾರದಷ್ಟು ಸಣ್ಣಗೆ ಸೀಳುತ್ತಾರೆ. ವಿಕ್ರಮನ ಹೊದಿಕೆಯ ತಂಗಿ ಎನ್ನಬಹುದು. ‘ಹಳೇ ಜರಿ ಸೀರೆ ಕೊಳ್ತೀವಿ’ ಎಂದು ಬೀದಿಯಲ್ಲಿ ಕೂಗುತ್ತಾ ಬರುವವರು ನಮ್ಮಜ್ಜಿಯ ಸೀರೆಗೆ ದುಡ್ಡು ಕೊಟ್ಟು ಇಂದಿನ ಸೀರೆಯನ್ನು ಮುಟ್ಟಿಯೂ ನೋಡದಿರುವುದು ಇದರಿಂದಲೇ. ಅಜ್ಜಿಯ ಸೀರೆ ಸುಟ್ಟರೆ ಬೆಳ್ಳಿ ಉಳಿಯುತ್ತದೆ.

ಪ್ಲಾಸ್ಟಿಕ್ ಜರಿಗೆ ಬೆಲೆ ಇಲ್ಲ ಎಂದು ಅದರ ವಿದ್ಯೆಯನ್ನೂ ಕೀಳು ಮಾಡಬಾರದು. ಬಾಸಿಂಗಕ್ಕೆ, ಬಯಲಾಟದ ಕಿರೀಟಕ್ಕೆ, ಭುಜಕೀರ್ತಿಗೆ ಬೇಗಡೆ ಅಂಟಿಸಿ ಸಾಮಾನ್ಯ ರೈತನನ್ನು ಒಂದು ರಾತ್ರಿ ದುರ್ಯೋಧನನನ್ನಾಗಿ ಮಾಡಿದ್ದೂ ಇದೇ ವಿದ್ಯೆ.

ಕಿನ್ನಾಳದವರ ತವರ

ಪುಟ್ಟ ಬೊಂಬೆಯ ಮೇಲೆ ಈ ವಿದ್ಯೆಯನ್ನು ತಲೆಮಾರುಗಳಿಂದ ಸಾಧಿಸಿಕೊಂಡು ಬಂದವರು ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು. ಹಂಪಿಯ ವಿರೂಪಾಕ್ಷನ ಗುಡಿಯ ಚಾವಣಿಯ ಚಿತ್ರಗಳೂ ತಮ್ಮ ಹಿರೀಕರ ಕೆಲಸವೇ ಎಂದು ಅವರು ನಂಬಿದ್ದಾರೆ.

ಅವರ ಕೆಲಸದಲ್ಲಿ ಬಣ್ಣ ಬರುವುದು ಬಹಳ ತಡವಾಗಿ. ಮೊದಲು ಹಗುರವಾದ ಮರವನ್ನು ಕೆತ್ತಿ ಭಾಗಗಳನ್ನು ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಸೇರಿಸಿ ನಾದಿದ ‘ಕಿಟ್ಟ’ವನ್ನು ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿಯ ಸಣ್ಣ ಚೂರುಗಳು. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಸರ, ಕಡಗ, ಡಾಬುಗಳನ್ನು ಆ ಕಲ್ಲುಪುಡಿಯ ಅಂಟಿನಿಂದಲೇ ಉಬ್ಬಿಸಿ ಬರೆಯುತ್ತಾರೆ. ಇಷ್ಟೆಲ್ಲ ಆದ ಮೇಲೆ ಹೊಳಪಿನ ಸರದಿ. ಅದಕ್ಕೆ ಅವರ ಹೆಸರು ‘ಲಾಜವರ’. ಲೋಹವನ್ನು, ಮುಖ್ಯವಾಗಿ ತವರವನ್ನು, ನುಣ್ಣಗೆ ಮಾಡಿ ಅಂಟಿನಲ್ಲಿ ಅರೆದು ಹಚ್ಚುತ್ತಾರೆ. ಒಣಗಿದಾಗ ಅದು ಸೀಸದಕಡ್ಡಿಯಿಂದ ತೀಡಿದಂತೆ ಮಂಕಾಗಿರುತ್ತದೆ. ನುಣುಪಾದ ಕಲ್ಲಿನಿಂದಲೋ ಮಣಿಯಿಂದಲೋ ಉಜ್ಜಿದಂತೆಲ್ಲ ಚೂರುಗಳು ಚಪ್ಪಟೆಯಾಗಿ ಮಲಗಿ ಬೆಳ್ಳಿಯ ಮೆರುಗು ಏಳುತ್ತದೆ. ಅದರ ಮೇಲೆ ಹಳದಿ ಛಾಯೆಯ ಮೆರುಗೆಣ್ಣೆ ಎಳೆದರೆ ಗರುಡನ ಕಿರೀಟ ಹೊನ್ನಾಗುತ್ತದೆ.

ನಮ್ಮ ಹುಡುಗ ಒಂದೇ ಬಟ್ಟಲಲ್ಲಿ ಕಲಸಿದ ಎರಡನ್ನು ಇವರು ಎರಡು ದಿನದ ಎರಡು ಕೆಲಸವಾಗಿ ಬೇರ್ಪಡಿಸುತ್ತಾರೆ, ನಡುವೆ ಉಜ್ಜುವ ಮೂರನೆಯ ಕೆಲಸ. ಈ ಮೂರನೆಯದನ್ನೇ ನಾವು ಅವಸರದಲ್ಲಿ ಬಿಟ್ಟುಬಿಡುತ್ತೇವೆ.

ನಿಮ್ಮ ಮೇಜಿನ ಮೇಲೆ

ಬೆಳ್ಳಿಯ ಮೇಲಿನ ಈ ಪರದೆಯನ್ನು ಪರದೇಶದ ಮಾದರಿಗಾರರು ‘ಕ್ಯಾಂಡಿ’ ಬಣ್ಣ ಎನ್ನುತ್ತಾರೆ, ಬಣ್ಣದ ಸಕ್ಕರೆ ಮಿಠಾಯಿಯ ಹಾಗೆ ಒಳಗಿನಿಂದ ಬೆಳಗುವುದರಿಂದ. ಅದಕ್ಕೆಂದೇ ದುಬಾರಿ ಶೀಶೆಗಳೂ ಏರ್‌ಬ್ರಷ್ಷೂ ಸಿಗುತ್ತವೆ. ಅವಿಲ್ಲದೆಯೂ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದ ಬಹುಪಾಲು ಸಾಧಿಸಬಹುದು. ನಾನು ಮಾಡಿ ನೋಡಿದ್ದನ್ನೇ ಹೇಳುತ್ತೇನೆ.

ಥರ್ಮಾಕೋಲಿಗೆ ನೇರವಾಗಿ ಸ್ಪ್ರೇ ಹೊಡೆಯಬೇಡಿ. ಬಣ್ಣದೊಳಗಿನ ಥಿನ್ನರ್ ಥರ್ಮಾಕೋಲನ್ನು ತಿಂದುಹಾಕುತ್ತದೆ, ಕಣ್ಣೆದುರೇ ಗುಂಡಿ ಬೀಳುತ್ತದೆ. ತೆಳು ಕಾಗದವನ್ನು ಫೆವಿಕಾಲಿನಲ್ಲಿ ಎರಡು ಪದರ ಅಂಟಿಸಿ, ಒಣಗಿದ ಮೇಲೆ ಗೋಡೆಗೆ ಬಳಿಯುವ ಪುಟ್ಟಿ ತೆಳುವಾಗಿ ಎಳೆದು, ಸಣ್ಣ ಕಾಳಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಕಿನ್ನಾಳದ ಕಿಟ್ಟ, ಹತ್ತಿ, ಕಲ್ಲುಪುಡಿಯ ಕ್ರಮವೇ ಇದು, ಸಾಮಾನು ಮಾತ್ರ ಬದಲು.

ಆಮೇಲೆ ಹೊಳೆಯುವ ಕಪ್ಪು ಬಣ್ಣ. ಬೆಳ್ಳಿಯ ಅಡಿಗೆ ಕಪ್ಪು ಯಾಕೆ ಎಂದು ಕೇಳುವವರಿದ್ದಾರೆ. ಹುರುಪೆಗಳ ಸಂದಿನಲ್ಲಿ ನುಸುಳಿದ ಬೆಳಕು ಬಿಳಿ ತಳಕ್ಕೆ ತಾಗಿದರೆ ಚದುರಿ ವಾಪಸು ಬರುತ್ತದೆ, ಬೆಳ್ಳಿ ಹಾಲು ಕಲಸಿದಂತಾಗುತ್ತದೆ. ಕಪ್ಪು ಅದನ್ನು ನುಂಗುತ್ತದೆ, ಆಗ ಕಣ್ಣಿಗೆ ಬರುವುದು ಲೋಹದ ಬೆಳಕೊಂದೇ. ಆ ಕಪ್ಪು ಕನ್ನಡಿಯಂತೆ ನುಣುಪಾಗಿರಬೇಕು. ಅಡಿಯ ಒರಟುತನವೆಲ್ಲ ಬೆಳ್ಳಿಯಲ್ಲಿ ಎದ್ದು ಕಾಣುತ್ತದೆ.

ಬೆಳ್ಳಿಗೆ ಗೇಟು, ಗ್ರಿಲ್ಲಿಗೆ ಬಳಿಯುವ ಅಲ್ಯೂಮಿನಿಯಂ ಪೇಂಟ್ ಸಾಕು, ಆದರೆ ಪೂರ್ತಿ ಒಂದು ದಿನ ಒಣಗಲು ಬಿಡಬೇಕು. ಬೆರಳಿಗೆ ಬೆಳ್ಳಿ ಅಂಟುತ್ತಿದ್ದರೆ ಇನ್ನೂ ಕಾಯಿರಿ. ಲ್ಯಾಂಡರಿನ ಸುಕ್ಕು ಬೇಕಿದ್ದವರು ಬಣ್ಣದ ಬದಲು ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನೇ ಮುದುಡಿ, ಅರ್ಧ ಬಿಡಿಸಿ, ಅಂಟಿಸಬಹುದು.

ಈಗ ಪರದೆ. ಗಾಜಿನ ಮೇಲೆ ಚಿತ್ರ ಬರೆಯಲು ಮಾರುವ ಗ್ಲಾಸ್ ಕಲರ್ ಪಾರದರ್ಶಕ, ಅದು ನಡೆಯುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಅರಗು. ಬಡಗಿಗಳು ಪಾಲಿಷ್‌ಗೆ ಬಳಸುವ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ ತೆಳುಬಟ್ಟೆಯಲ್ಲಿ ಸೋಸಿದರೆ ಚಹಾದ ಕಷಾಯದಂಥ ದ್ರವ ಸಿಗುತ್ತದೆ. ಮೆತ್ತನೆಯ ಕುಂಚದಿಂದ ಒಂದೇ ದಿಕ್ಕಿಗೆ, ಹಿಂದಿರುಗಿ ತೀಡದೆ, ತೆಳುವಾಗಿ ಎಳೆಯಬೇಕು. ಒಂದು ಕೋಟಿಗೆ ಬೆಳ್ಳಿ ಮಾಸಲು ಹಳದಿಯಾಗುತ್ತದೆ. ಎರಡನೆಯದಕ್ಕೆ ಹಿತ್ತಾಳೆ. ಮೂರಕ್ಕೆ ಹೊನ್ನು. ಐದಾರು ಎಳೆದರೆ ತಾಮ್ರದ ಹತ್ತಿರ ಹೋಗುತ್ತದೆ. ಪರದೆ ದಪ್ಪವಾದಷ್ಟೂ ಬಣ್ಣ ಗಾಢ, ಹೊಳಪು ಕಡಿಮೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಣ್ಣೇ ಕಲಿಯಬೇಕು.

ನಮ್ಮ ಕಡೆಯ ಹವೆಯ ಬಗ್ಗೆ ಒಂದು ಮಾತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಬೇಸಿಗೆಯ ಮಧ್ಯಾಹ್ನ ಸ್ಪ್ರೇ ಹೊಡೆದರೆ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. ಜೊತೆಗೆ ಧೂಳು. ಬೆಳಗಿನ ಆರರಿಂದ ಎಂಟು ಗಂಟೆಯೊಳಗೆ, ಗಾಳಿ ಏಳುವ ಮೊದಲು, ಬಾಗಿಲು ತೆರೆದ ಜಾಗದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡುವುದು ಒಳ್ಳೆಯದು. ಸ್ಪಿರಿಟ್ಟು, ಥಿನ್ನರುಗಳು ಒಲೆಯಿಂದ ದೂರ ಇರಲಿ. ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲಿ.

ಡಬ್ಬಿಯಲ್ಲೇ ಸಿಗುವ ‘ಗೋಲ್ಡ್ ಪೇಂಟ್’ ತಂದರೆ ಇಷ್ಟು ಶ್ರಮ ಬೇಕೇ? ಅಗ್ಗದ ಗೋಲ್ಡ್ ಪೇಂಟಿನಲ್ಲಿ ಸಾಮಾನ್ಯವಾಗಿ ಇರುವುದು ತಾಮ್ರ-ಸತುವಿನ ಪುಡಿ, ಅಂದರೆ ಹಿತ್ತಾಳೆ. ಅದು ಗಾಳಿ ಉಂಡು ವರುಷದೊಳಗೆ ಕಂದುತ್ತದೆ. ಅಲ್ಯೂಮಿನಿಯಂ ಹಾಗೆ ಕಂದುವುದಿಲ್ಲ. ಮೇಲಿನ ಪರದೆಗೆ ಮಾತ್ರ ಬಿಸಿಲು ಆಗದು. ಗ್ಲಾಸ್ ಕಲರಿನ ಕೆಲವು ಬಣ್ಣಗಳು ಕಿಟಕಿಯ ಬಳಿ ಇಟ್ಟರೆ ತಿಳಿಯಾಗಿ, ಒಂದು ದಿನ ಅಡಿಯ ಬೆಳ್ಳಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಪುಟ್ಟದಕ್ಕೆ ಪುಟ್ಟ ಕಣ

ಕಾರಿಗೆ ಹೊಡೆಯುವ ಮೆಟಾಲಿಕ್ ಬಣ್ಣವನ್ನೇ ಮಾದರಿಗೂ ಹೊಡೆದರೆ ಆಟಿಕೆಯಂತೆ ಕಾಣುತ್ತದೆ. ಕಾರಣ ಲೆಕ್ಕದಲ್ಲಿದೆ. ತೇಜಸ್ ವಿಮಾನದ ಉದ್ದ 13.2 ಮೀಟರ್. 1:72ರ ಅಳತೆಯಲ್ಲಿ ಅದು 18 ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಬಣ್ಣದ ಚೂರು ಕುಗ್ಗುವುದಿಲ್ಲ. ಅದು 30 ಮೈಕ್ರಾನ್ ಇದ್ದರೆ, ಮಾದರಿಯ ಲೋಕದಲ್ಲಿ 72 ಪಟ್ಟು ಹಿಗ್ಗಿ ಎರಡು ಮಿಲಿಮೀಟರ್ ದಾಟುತ್ತದೆ. ವಿಮಾನದ ಮೈಮೇಲೆ ಸಜ್ಜೆಕಾಳು ಎರಚಿದಂತೆ. ವಿಕ್ರಮ್ ಸುಮಾರು ಎರಡು ಮೀಟರ್ ಅಗಲದ ನೌಕೆ, 1:10ರಲ್ಲಿ ಮಾಡಿದರೆ 20 ಸೆಂಟಿಮೀಟರ್, ಅಲ್ಲಿ ಇದೇ ಚೂರು ಅಷ್ಟು ಕಾಡುವುದಿಲ್ಲ. ಮಾದರಿ ಚಿಕ್ಕದಾದಷ್ಟೂ ಬೆಳ್ಳಿಯ ಪುಡಿ ಸಣ್ಣದಿರಬೇಕು. ಡಬ್ಬಿ ಅಲ್ಲಾಡಿಸದೆ ಒಂದಷ್ಟು ಹೊತ್ತು ಬಿಟ್ಟು, ದಪ್ಪ ಚೂರು ತಳ ಸೇರಿದ ಮೇಲೆ ಮೇಲಿನ ತಿಳಿಯನ್ನು ತೆಗೆದುಕೊಳ್ಳುವುದು ಕಾಸಿಲ್ಲದ ಉಪಾಯ.

ಹಾಸು ಒಂದು, ಹೊಕ್ಕು ಒಂದು

ಮೊಳಕಾಲ್ಮೂರಿನಿಂದ ಮಾದರಿಗಾರರು ಕಲಿಯಬೇಕಾದ ಇನ್ನೊಂದು ಪಾಠವಿದೆ. ಹಾಸಿಗೆ ನೀಲಿ, ಹೊಕ್ಕಿಗೆ ಹಸಿರು ಕೊಟ್ಟು ನೇಯ್ದ ಸೀರೆ ನಡೆದಂತೆಲ್ಲ ನವಿಲುಕತ್ತಿನ ಬಣ್ಣಕ್ಕೆ ತಿರುಗುತ್ತದೆ. ಗುಂಡಿ ಮಗ್ಗದ ಮೇಲೆ ಬಗ್ಗಿ ನೋಡಿ. ಬಟ್ಟೆಯಲ್ಲಿ ಮೂರನೆಯ ಬಣ್ಣವೇ ಇಲ್ಲ. ರೇಷ್ಮೆಯ ಎಳೆಗೆ ಮೂರು ಮೂಲೆಯ ಮೈಯಿದೆ, ಅದು ಪುಟ್ಟ ಪಟ್ಟಕದಂತೆ ಬೆಳಕನ್ನು ಒಂದು ದಿಕ್ಕಿಗೆ ಎಸೆಯುತ್ತದೆ. ಹಾಸಿನ ಎಳೆ ಒಂದು ಕಡೆಗೆ, ಹೊಕ್ಕಿನದು ಇನ್ನೊಂದು ಕಡೆಗೆ. ನೀವು ನಿಂತ ಜಾಗ ಬದಲಾದಾಗ ಗೆಲ್ಲುವ ಬಣ್ಣವೂ ಬದಲಾಗುತ್ತದೆ.

ಮಾದರಿಯ ಮೇಲೆ ಇದನ್ನು ತರಲು ಸುಕ್ಕುಗಟ್ಟಿದ ಬೆಳ್ಳಿ ಹಾಳೆಯ ಮೇಲೆ ಎಡದಿಂದ ಓರೆಯಾಗಿ ಒಂದು ಪಾರದರ್ಶಕ ಬಣ್ಣ, ಬಲದಿಂದ ಓರೆಯಾಗಿ ಇನ್ನೊಂದು ಬಣ್ಣ ಊದಬೇಕು. ಪ್ರತಿ ಸುಕ್ಕಿನ ಒಂದು ಮಗ್ಗುಲು ಒಂದು ಬಣ್ಣ, ಇನ್ನೊಂದು ಮಗ್ಗುಲು ಬೇರೆ ಬಣ್ಣ. ಕೈಯಲ್ಲಿ ಹಿಡಿದು ತಿರುಗಿಸಿದರೆ ಸೆರಗು ತಿರುವಿದಂತೆಯೇ. ನಿಜವಾದ ನವಿಲುಗರಿಯ ದಾರಿ ಬೇರೆ. ಅಲ್ಲಿ ಬಣ್ಣ ಹುಟ್ಟುವುದು ಗರಿಯೊಳಗಿನ ಅತಿ ಸೂಕ್ಷ್ಮ ರಚನೆಯಲ್ಲಿ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿ ಕಳೆಯುವುದರಿಂದ. ಒದ್ದೆ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆಯ ಕಾಮನಬಿಲ್ಲಿಗೂ, ಅಭ್ರಕದ ಚೂರಿಗೆ ಟೈಟಾನಿಯಂ ಡೈಆಕ್ಸೈಡಿನ ತೆಳು ಲೇಪ ಕೊಟ್ಟು ಮಾಡುವ ‘ಪರ್ಲ್’ ಬಣ್ಣಕ್ಕೂ ಕಾರಣ ಅದೇ ಬೆಳಕಿನಾಟ.

ಆ ಹುಡುಗನ ಲ್ಯಾಂಡರಿನ ಬೂದಿಬಣ್ಣವನ್ನು ಕೆರೆದು ತೆಗೆಯಲು ಒಂದು ಭಾನುವಾರ ಹಿಡಿಯಿತು. ಕಪ್ಪು ಬಳಿದದ್ದು ಮುಂದಿನ ವಾರ. ಬೆಳ್ಳಿ ಹಾಳೆಯನ್ನು ಮುದುಡಿ ಬಿಡಿಸುವಾಗ ಅವನೇ ಎರಡು ಸಲ ಹರಿದು, ಮೂರನೆಯ ಸಲ ಸರಿ ಮಾಡಿದ. ಅರಗಿನ ಎರಡು ಕೋಟು ಆಗಿತ್ತು. ಜಗುಲಿಯ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಂದೊಂದೇ ಸುಕ್ಕನ್ನು ತಿರುಗಿಸಿ ನೋಡಿದ. ನಾನು ಕುಂಚವನ್ನು ಮತ್ತೆ ಅರಗಿನಲ್ಲಿ ಅದ್ದಿದ್ದೆ.

‘ಬ್ಯಾಡ ಸಾರ್, ಕಾಲಿಗೆ ಮಾತ್ರ ಮೂರ್ನೇದು ಹಾಕನ. ಮೈಗೆ ಇಷ್ಟೇ ಸಾಕು’ ಎಂದ.